ಲ್ಯಾಬಿನಲ್ಲಿ ಗೆಲ್ಲುವ ತರಬೇತಿ: ಊರೂರು ತಿರುಗುವ ತಂತ್ರಾಂಶ ತರಬೇತುದಾರರಿಗೂ ಅವರನ್ನು ಕರೆಸುವವರಿಗೂ ಒಂದು ಕೈಪಿಡಿ

ಯಶವಂತಪುರ ರೈಲು ನಿಲ್ದಾಣ, ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ಈ ಮೂರಕ್ಕೂ ಸಮೀಪದಲ್ಲಿರುವ ಮತ್ತಿಕೆರೆಯು, ತಂತ್ರಾಂಶ ಅಭಿವೃದ್ಧಿಯ ಪರಿಕರಗಳನ್ನು ಊರಿಂದೂರಿಗೆ ಹೋಗಿ ಕಲಿಸುವ ತರಬೇತುದಾರರಿಗೆ ಒದಗಿ ಬರುವಂಥ ನೆಲೆಯಾಗಿದೆ. 1953ರಲ್ಲಿ ಎಚ್‌ಎಂಟಿಯೂ 1954ರಲ್ಲಿ ಬಿಇಎಲ್ಲೂ ಜಾಲಹಳ್ಳಿಯ ಕಡೆ ನೆಲೆಯೂರಿದ ಮೇಲೆ ಈ ಭಾಗಕ್ಕೆ ಕೈಕೆಲಸ ಬಲ್ಲ ತಾಂತ್ರಿಕ ನೌಕರರು ಬಂದು ನೆಲಸಿದರು, 1962ರಲ್ಲಿ ಎಂ.ಎಸ್. ರಾಮಯ್ಯ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಆರಂಭವಾದ ಬಳಿಕ ಎಂಜಿನಿಯರಿಂಗ್ ವಿದ್ಯಾರ್ಥಿಗಳೂ ಸೇರಿಕೊಂಡರು. ಪೈಥಾನ್ ಭಾಷೆಯ ಬಳಕೆದಾರರು ಸ್ವಯಂಸೇವೆಯಿಂದ ನಡೆಸುವ ರಾಷ್ಟ್ರೀಯ ಸಮ್ಮೇಳನವಾದ ಪೈಕಾನ್ ಇಂಡಿಯಾ 2009ರಲ್ಲಿ ಮೊದಲ ಬಾರಿಗೆ ನಡೆದದ್ದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಮರುವರ್ಷ ನಡೆದದ್ದು ಇದೇ ರಾಮಯ್ಯ ಕಾಲೇಜಿನಲ್ಲಿ. ಹೀಗೆ ಪರಿಕರಗಳ ಬಗ್ಗೆ ಮಾತನಾಡುವವರಿಗೂ ಕೇಳುವವರಿಗೂ ಈ ಪರಿಸರದಲ್ಲಿ ಕೊರತೆಯಿಲ್ಲ. ಕೊರತೆ ಇರುವುದು ಬೆಂಗಳೂರಿನಾಚೆ, ಮತ್ತು ತರಬೇತುದಾರರು ಯಶವಂತಪುರದಲ್ಲಿ ರೈಲು ಹತ್ತುವುದು ಆ ಕಾರಣಕ್ಕಾಗಿಯೇ.

ಇಲ್ಲಿ ಪರಿಕರ ಎಂದರೆ ಪ್ರೋಗ್ರಾಮಿಂಗ್ ಭಾಷೆಯಲ್ಲ. ಪ್ರೋಗ್ರಾಂ ಬರೆಯುವುದಕ್ಕೆ, ಕಾಪಾಡುವುದಕ್ಕೆ, ಪರೀಕ್ಷಿಸುವುದಕ್ಕೆ ಮತ್ತು ಬಳಕೆದಾರರಿಗೆ ತಲುಪಿಸುವುದಕ್ಕೆ ನೆರವಾಗುವ ತಂತ್ರಾಂಶಗಳು. ಕಡತಗಳಲ್ಲಿ ಯಾರು, ಯಾವಾಗ, ಏನು ಬದಲಿಸಿದರು ಎಂಬುದನ್ನು ದಾಖಲಿಸಿ ಬೇಕೆಂದಾಗ ಹಿಂದಿನ ಸ್ಥಿತಿಗೆ ಮರಳಲು ಬಿಡುವ ವ್ಯವಸ್ಥೆಗೆ ಆವೃತ್ತಿ ನಿಯಂತ್ರಣ ಅಥವಾ ವರ್ಷನ್ ಕಂಟ್ರೋಲ್ ಎನ್ನುತ್ತಾರೆ. ಬೆಲ್ ಲ್ಯಾಬ್ಸ್‌ನಲ್ಲಿ 1972ರಲ್ಲಿ ಮಾರ್ಕ್ ರಾಚ್‌ಕೈಂಡ್ ರೂಪಿಸಿದ ಎಸ್‌ಸಿಸಿಎಸ್‌ನಿಂದ ಮೊದಲಾಗಿ ಹಲವು ರೂಪ ತಳೆದ ಈ ವ್ಯವಸ್ಥೆಯು, ಲಿನಕ್ಸ್ ತಂಡ ಬಳಸುತ್ತಿದ್ದ ಬಿಟ್‌ಕೀಪರ್ ಎಂಬ ವಾಣಿಜ್ಯ ತಂತ್ರಾಂಶದ ಉಚಿತ ಪರವಾನಗಿ ರದ್ದಾದಾಗ, ಲೀನಸ್ ಟೋರ್ವಾಲ್ಡ್ಸ್ 2005ರ ಏಪ್ರಿಲ್‌ನಲ್ಲಿ ಬರೆಯತೊಡಗಿದ ಗಿಟ್ ಎಂಬ ಪರಿಕರದಲ್ಲಿ ಇಂದಿನ ರೂಪಕ್ಕೆ ಬಂದಿತು. ಬರೆದ ಮೂಲ ಸಂಕೇತವನ್ನು ಓಡಬಲ್ಲ ರೂಪಕ್ಕೆ ಕಟ್ಟಿಕೊಡುವ ಮೇಕ್, ಮೇವನ್, ಗ್ರೇಡಲ್‌ಗಳು ಬಿಲ್ಡ್ ಪರಿಕರಗಳು. ಪ್ರತಿಯೊಂದು ಬದಲಾವಣೆಯಾದೊಡನೆ ಆ ಕಟ್ಟುವಿಕೆಯನ್ನೂ ಪರೀಕ್ಷೆಯನ್ನೂ ತಾನಾಗಿ ನಡೆಸುವ ಜೆಂಕಿನ್ಸ್‌ನಂಥವು ನಿರಂತರ ಜೋಡಣೆಯ ಪರಿಕರಗಳು. ತಂತ್ರಾಂಶವನ್ನು ಅದಕ್ಕೆ ಬೇಕಾದ ಎಲ್ಲ ಸಾಮಗ್ರಿಯೊಡನೆ ಒಂದೇ ಕಟ್ಟಿನಲ್ಲಿ ಸಾಗಿಸಲು ಅನುವು ಮಾಡುವ, 2013ರಲ್ಲಿ ಹೊರಬಂದ ಡಾಕರ್, ಕಂಟೈನರ್ ಪರಿಕರ.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು 2022ರ ಪಠ್ಯಯೋಜನೆಯಲ್ಲಿ ಮೂರನೆಯ ಸೆಮಿಸ್ಟರಿಗೆ ‘ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ವಿತ್ ಗಿಟ್’ ಎಂಬ ಪ್ರಾಯೋಗಿಕ ಐಚ್ಛಿಕ ವಿಷಯವನ್ನೂ ಆರನೆಯ ಸೆಮಿಸ್ಟರಿನಲ್ಲಿ ಡೆವ್‌ಆಪ್ಸ್ ಪ್ರಯೋಗಾಲಯವನ್ನೂ ಸೇರಿಸಿತು. ಡೆವ್‌ಆಪ್ಸ್ ಎಂದರೆ ತಂತ್ರಾಂಶ ಬರೆಯುವವರ ಕೆಲಸವನ್ನೂ ಅದನ್ನು ನಡೆಸಿಕೊಂಡು ಹೋಗುವವರ ಕೆಲಸವನ್ನೂ ಒಂದೇ ಸರಣಿಯಲ್ಲಿ ಬೆಸೆಯುವ ಕ್ರಮ. ಈ ಸೇರ್ಪಡೆ ಒಳ್ಳೆಯದೇ ಆದರೂ, ಅನೇಕ ಅಧ್ಯಾಪಕರು ತಮ್ಮ ವಿದ್ಯಾಭ್ಯಾಸದಲ್ಲಿ ಈ ಪರಿಕರಗಳನ್ನು ಮುಟ್ಟಿರಲಿಲ್ಲವಾದ್ದರಿಂದ, ಅಧ್ಯಾಪಕರಿಗಾಗಿ ನಡೆಸುವ ಎಫ್‌ಡಿಪಿ ಎಂಬ ಬೋಧಕ ಅಭಿವೃದ್ಧಿ ಕಾರ್ಯಕ್ರಮಗಳಿಗೂ ವಿದ್ಯಾರ್ಥಿಗಳ ಕಾರ್ಯಾಗಾರಗಳಿಗೂ ಹೊರಗಿನ ತರಬೇತುದಾರರನ್ನು ‘ರೆಸೋರ್ಸ್ ಪರ್ಸನ್’ ಎಂದು ಕರೆಸುವ ರೂಢಿ ಹೆಚ್ಚಿತು. ಸಣ್ಣ ಕಂಪನಿಗಳೂ ಹೊಸಬರನ್ನು ಸೇರಿಸಿಕೊಂಡಾಗ ಇದೇ ದಾರಿ ಹಿಡಿಯುತ್ತವೆ. ಕರೆಸುವವರು ತರಬೇತುದಾರರ ಅನುಭವದ ವರ್ಷಗಳನ್ನೂ ಹಿಂದೆ ದುಡಿದ ಕಂಪನಿಯ ಹೆಸರನ್ನೂ ವಿಚಾರಿಸುತ್ತಾರೆ, ಲ್ಯಾಬಿನ ಯಂತ್ರಗಳನ್ನು ವಿಚಾರಿಸುವುದಿಲ್ಲ. ಪರಿಕರ ತರಬೇತಿಯ ಗೆಲುವು ಸೋಲುಗಳು ಬಹುಮಟ್ಟಿಗೆ ತರಬೇತುದಾರರು ಊರು ತಲುಪುವ ಮೊದಲೇ, ಆ ಯಂತ್ರಗಳ ಸಿದ್ಧತೆಯಲ್ಲೇ ತೀರ್ಮಾನವಾಗಿರುತ್ತವೆ.

ಯಂತ್ರಗಳ ಸಿದ್ಧತೆ

ತರಬೇತಿಗೆ ಒಂದು ವಾರ ಮೊದಲೇ, ಸಿಸ್ಟಮ್ ಅಡ್ಮಿನ್ ಅಥವಾ ಲ್ಯಾಬ್ ಇನ್‌ಸ್ಟ್ರಕ್ಟರ್ ಎಂದು ಕರೆಯಲಾಗುವ, ಯಂತ್ರಗಳ ಮೇಲೆ ನಿಜವಾದ ಅಧಿಕಾರವಿರುವ ವ್ಯಕ್ತಿಯೊಡನೆ ತರಬೇತುದಾರರು ನೇರವಾಗಿ ಮಾತನಾಡಬೇಕು. ವಿಭಾಗದ ಮುಖ್ಯಸ್ಥರು ‘ಎಲ್ಲ ರೆಡಿ ಇದೆ ಸರ್’ ಎಂದು ಹೇಳುವುದು ಸೌಜನ್ಯದಿಂದಲೇ ಆದರೂ, ಆ ಮಾತು ಪ್ರೊಜೆಕ್ಟರಿಗೂ ಕುರ್ಚಿಗಳಿಗೂ ಅನ್ವಯಿಸುವಷ್ಟು ತಂತ್ರಾಂಶಗಳಿಗೆ ಅನ್ವಯಿಸುವುದಿಲ್ಲ. ಕೇಳಬೇಕಾದ ಮೊದಲ ಪ್ರಶ್ನೆ, ಯಂತ್ರಗಳನ್ನು ಮರುಚಾಲನೆ ಮಾಡಿದೊಡನೆ ಮೊದಲಿನ ಸ್ಥಿತಿಗೆ ತಂದುಬಿಡುವ ತಂತ್ರಾಂಶವನ್ನು ಅವುಗಳಲ್ಲಿ ಹಾಕಲಾಗಿದೆಯೇ ಎಂಬುದು. ವೈರಸ್ ಹಾವಳಿಯನ್ನೂ ವಿದ್ಯಾರ್ಥಿಗಳ ಕಿತಾಪತಿಯನ್ನೂ ತಡೆಯಲು ಹಲವು ಕಾಲೇಜುಗಳ ಲ್ಯಾಬ್‌ಗಳಲ್ಲಿ ಇಂಥದ್ದೊಂದು ಇರುತ್ತದೆ. ಅದನ್ನು ತಾತ್ಕಾಲಿಕವಾಗಿ ತೆರವುಗೊಳಿಸದೆ ಹೋದರೆ ಮೊದಲ ದಿನ ಸ್ಥಾಪಿಸಿದ ಪರಿಕರಗಳೂ ವಿದ್ಯಾರ್ಥಿಗಳು ಮಾಡಿದ ಅಭ್ಯಾಸಗಳೂ ಎರಡನೆಯ ದಿನ ಬೆಳಿಗ್ಗೆ ಹೇಳಹೆಸರಿಲ್ಲದೆ ಅಳಿಸಿಹೋಗಿರುತ್ತವೆ.

ಎರಡನೆಯ ಪ್ರಶ್ನೆ ಅಂತರ್ಜಾಲ ಸಂಪರ್ಕದ್ದು. ವೇಗ ಎಷ್ಟೆಂದು ಕೇಳುವುದಕ್ಕಿಂತ, ಲ್ಯಾಬಿನ ಎಲ್ಲ ಯಂತ್ರಗಳೂ ಹೊರಜಗತ್ತಿಗೆ ಒಂದೇ ವಿಳಾಸದಿಂದ ಕಾಣುತ್ತವೆಯೇ, ಫೈರ್‌ವಾಲ್ ಯಾವ ದ್ವಾರಗಳನ್ನು ಮುಚ್ಚಿದೆ, ಪ್ರಾಕ್ಸಿ ಇದೆಯೇ ಎಂದು ಕೇಳುವುದು ಹೆಚ್ಚು ಉಪಯುಕ್ತ. ಡಾಕರ್ ಹಬ್ ಎಂಬ ಸಾರ್ವಜನಿಕ ಸಂಗ್ರಹಾಗಾರವು 2020ರ ನವೆಂಬರ್‌ನಲ್ಲಿ, ಖಾತೆಯ ಮೂಲಕ ಪ್ರವೇಶಿಸದವರಿಗೆ ಒಂದು ಅಂತರ್ಜಾಲ ವಿಳಾಸದಿಂದ 6 ಗಂಟೆಗಳಲ್ಲಿ 100 ಇಳಿಕೆಗಳ ಮಿತಿ ಹೇರಿತು. ಮನೆಯ ಬಳಕೆದಾರರಿಗೆ ಈ ಮಿತಿ ಲೆಕ್ಕಕ್ಕೆ ಬರುವುದಿಲ್ಲ. ಆದರೆ 60 ಯಂತ್ರಗಳು ಒಂದೇ ವಿಳಾಸದ ಹಿಂದಿರುವ ಲ್ಯಾಬಿನಲ್ಲಿ, ಪ್ರತಿಯೊಬ್ಬರೂ ಎರಡನೆಯ ಇಮೇಜನ್ನು ಇಳಿಸಿಕೊಳ್ಳುವಷ್ಟರಲ್ಲಿ ತರಗತಿಯ ಮೂರನೆಯ ಒಂದು ಭಾಗಕ್ಕೆ ಬಾಗಿಲು ಮುಚ್ಚಿರುತ್ತದೆ. ಇಮೇಜ್ ಎಂದರೆ ಕಂಟೈನರನ್ನು ಎಬ್ಬಿಸಲು ಬೇಕಾದ ಸಿದ್ಧ ಕಟ್ಟು. ಅನುಭವಿ ತರಬೇತುದಾರರು ಬೇಕಾದ ಇಮೇಜುಗಳನ್ನು ಡಾಕರ್ ಸೇವ್ ಆಜ್ಞೆಯಿಂದ ಕಡತಗಳಾಗಿಸಿ ಪೆನ್‌ಡ್ರೈವ್‌ನಲ್ಲಿ ಒಯ್ದು, ಪ್ರತಿ ಯಂತ್ರದಲ್ಲಿ ಡಾಕರ್ ಲೋಡ್ ಆಜ್ಞೆಯಿಂದ ತುಂಬಿಸುತ್ತಾರೆ. ಮೇವನ್‌ನದೂ ಇದೇ ಕಥೆ: ಮೊದಲ ಬಾರಿ ಓಡಿದಾಗ ಅದು ತನಗೆ ಬೇಕಾದ ಗ್ರಂಥಾಲಯಗಳನ್ನೆಲ್ಲ ಅಂತರ್ಜಾಲದಿಂದ ತರಿಸಿಕೊಂಡು ಬಳಕೆದಾರರ ಕೋಶದಲ್ಲಿ ಕೂಡಿಡುವುದರಿಂದ, ಆ ಸಂಗ್ರಹವನ್ನು ಮೊದಲೇ ತುಂಬಿಸಿಟ್ಟ ಪ್ರತಿಯೊಂದನ್ನು ಜೊತೆಗೆ ಒಯ್ಯುವುದು ಲೇಸು.

ಗಿಟ್ ಕಲಿಸಲು ಅಂತರ್ಜಾಲವೇ ಬೇಕೆಂಬುದು ತಪ್ಪು ತಿಳಿವಳಿಕೆ. ಗಿಟ್ ಎಂಬುದು ಪ್ರತಿ ಯಂತ್ರದಲ್ಲೂ ಪೂರ್ಣ ಇತಿಹಾಸವನ್ನು ಇಟ್ಟುಕೊಳ್ಳುವ ಪರಿಕರ. ಗಿಟ್‌ಹಬ್ ಎಂಬುದು ಅಂಥ ಸಂಗ್ರಹಗಳನ್ನು ಹಂಚಿಕೊಳ್ಳಲು 2008ರಲ್ಲಿ ಆರಂಭವಾಗಿ 2018ರಲ್ಲಿ ಮೈಕ್ರೋಸಾಫ್ಟ್ ಕೊಂಡುಕೊಂಡ ಜಾಲತಾಣ. ಇವೆರಡೂ ಒಂದೇ ಎಂದು ನಂಬಿ ಬರುವ ವಿದ್ಯಾರ್ಥಿಗಳು ಕಡಿಮೆಯೇನಲ್ಲ. ಸಣ್ಣ ಲ್ಯಾಪ್‌ಟಾಪ್ ಒಂದರಲ್ಲಿ ಗಿಟಿಯಾ ಎಂಬ ಹಗುರವಾದ ಮುಕ್ತ ತಂತ್ರಾಂಶವನ್ನು ಸ್ಥಾಪಿಸಿ, ಒಂದು ವೈಫೈ ರೌಟರಿಗೆ ಜೋಡಿಸಿದರೆ, ಗಿಟ್‌ಹಬ್‌ನಲ್ಲಿ ಮಾಡುವ ಬಹುಪಾಲು ಅಭ್ಯಾಸಗಳನ್ನು ಹೊರಗಿನ ಸಂಪರ್ಕವೇ ಇಲ್ಲದೆ ಕೊಠಡಿಯೊಳಗೇ ಮಾಡಿಸಬಹುದು. ಗಿಟ್‌ಹಬ್ಬೇ ಬೇಕೆಂದು ಸಂಸ್ಥೆ ಬಯಸಿದಲ್ಲಿ, ವಿದ್ಯಾರ್ಥಿಗಳು ಖಾತೆಗಳನ್ನು ಹಿಂದಿನ ದಿನವೇ ಮನೆಯಿಂದ ತೆರೆದಿರಬೇಕು. ಒಂದೇ ಜಾಲದಿಂದ ಏಕಕಾಲಕ್ಕೆ ಹತ್ತಾರು ಹೊಸ ಖಾತೆಗಳು ಹುಟ್ಟತೊಡಗಿದರೆ ಯಾವುದೇ ಜಾಲತಾಣಕ್ಕೆ ಸಂಶಯ ಬರುವುದು ಸಹಜ.

ಜಾವಾ ಆವೃತ್ತಿಯ ಬಗೆಗೂ ಒಂದು ಮಾತು. ಹಳೆಯ ಪಠ್ಯಕ್ರಮಕ್ಕಾಗಿ ಹಾಕಿದ ಜಾವಾ 8 ಇನ್ನೂ ಹಲವು ಲ್ಯಾಬ್‌ಗಳಲ್ಲಿ ಉಳಿದಿದೆ, ಆದರೆ 2024ರ ಕೊನೆಯ ಭಾಗದಿಂದೀಚಿನ ಜೆಂಕಿನ್ಸ್ ಆವೃತ್ತಿಗಳು ಕನಿಷ್ಠ ಜಾವಾ 17 ಇಲ್ಲದೆ ಏಳುವುದೇ ಇಲ್ಲ. ಎದ್ದರೂ, ಜೆಂಕಿನ್ಸ್ ತಾನಾಗಿ ಬಯಸುವ 8080ನೆಯ ದ್ವಾರದಲ್ಲಿ ಟಾಮ್‌ಕ್ಯಾಟ್ ಅಥವಾ ಡಿಬಿಎಂಎಸ್ ಲ್ಯಾಬಿಗಾಗಿ ಹಾಕಿದ ಹಳೆಯ ಒರಾಕಲ್ ಎಕ್ಸ್‌ಪ್ರೆಸ್ ಆವೃತ್ತಿ ಆಗಲೇ ಕುಳಿತಿರಬಹುದು. ಡಾಕರ್ ಡೆಸ್ಕ್‌ಟಾಪ್‌ಗೆ ಯಂತ್ರದ ಬಯಾಸ್‌ನಲ್ಲಿ ವರ್ಚುವಲೈಸೇಷನ್ ಸೌಲಭ್ಯ ತೆರೆದಿರಬೇಕು. ಬಯಾಸ್‌ನ ಪಾಸ್‌ವರ್ಡ್ ಯಾರ ಬಳಿ ಇದೆ ಎಂದು ಹುಡುಕುವ ಕೆಲಸವನ್ನು ಉದ್ಘಾಟನೆಯ ಬೆಳಿಗ್ಗೆಗೆ ಇಟ್ಟುಕೊಳ್ಳಬಾರದು. ಕಂಪನಿಗಳಲ್ಲಾದರೆ ಪರವಾನಗಿಯ ಪ್ರಶ್ನೆಯೂ ಇದೆ: 2021ರ ಆಗಸ್ಟ್‌ನಿಂದ ಡಾಕರ್ ಡೆಸ್ಕ್‌ಟಾಪ್ ದೊಡ್ಡ ಕಂಪನಿಗಳಿಗೆ ಶುಲ್ಕ ಸಹಿತ, ಶಿಕ್ಷಣಕ್ಕೂ ಸಣ್ಣ ಸಂಸ್ಥೆಗಳಿಗೂ ಉಚಿತ.

ತರಗತಿಯೊಳಗೆ

ಎರಡು ದಿನಗಳ ಕಾರ್ಯಾಗಾರ ಎಂದು ಆಹ್ವಾನಪತ್ರಿಕೆಯಲ್ಲಿ ಮುದ್ರಣವಾದದ್ದು ವಾಸ್ತವದಲ್ಲಿ ಒಂದೂವರೆ ದಿನವೂ ಉಳಿಯುವುದಿಲ್ಲ. ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಅತಿಥಿ ಪರಿಚಯ, ಶಾಲು, ನೆನಪಿನ ಕಾಣಿಕೆ, ಅಧ್ಯಕ್ಷರ ಮಾತು, ವಂದನಾರ್ಪಣೆ, ಬಳಿಕ ಕಾಫಿ ತಿಂಡಿ, ಇಷ್ಟೆಲ್ಲ ಆಗುವಷ್ಟರಲ್ಲಿ ಮೊದಲ ದಿನದ ಮುಂಜಾನೆಯ ಅವಧಿ ಮುಗಿದಿರುತ್ತದೆ. ಇದನ್ನು ತಪ್ಪಿಸಲಾಗದು, ತಪ್ಪಿಸಲು ಯತ್ನಿಸಿ ಆತಿಥೇಯರ ಮನಸ್ಸು ನೋಯಿಸುವುದೂ ತರವಲ್ಲ. ಆದ್ದರಿಂದ ಪಾಠದ ಯೋಜನೆಯನ್ನೇ ಮೊದಲ ದಿನದ ಊಟದ ಬಿಡುವಿನಿಂದ ಎಣಿಸಿಕೊಂಡು, ಬೆಳಗಿನ ಅವಧಿಯಲ್ಲಿ ಏನಾದರೂ ಸಮಯ ಉಳಿದರೆ ಅದನ್ನು ಲಾಭವೆಂದು ತಿಳಿಯುವುದು ಜಾಣತನ. ಸಮಾರೋಪದ ಭಾವಚಿತ್ರಕ್ಕೂ ಪ್ರಮಾಣಪತ್ರ ವಿತರಣೆಗೂ ಎರಡನೆಯ ದಿನದ ಕೊನೆಯ ಒಂದು ಗಂಟೆಯನ್ನು ಬಿಟ್ಟುಕೊಟ್ಟಿರಬೇಕು.

1998ರಲ್ಲಿ ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ ಗ್ರೆಗ್ ವಿಲ್ಸನ್ ಮತ್ತು ಬ್ರೆಂಟ್ ಗೋರ್ಡಾ ಆರಂಭಿಸಿದ ಸಾಫ್ಟ್‌ವೇರ್ ಕಾರ್ಪೆಂಟ್ರಿ ಎಂಬ ಕಾರ್ಯಕ್ರಮವು ವಿಜ್ಞಾನಿಗಳಿಗೆ ಇಂಥ ಪರಿಕರಗಳನ್ನು ಕಲಿಸುತ್ತ ರೂಪಿಸಿಕೊಂಡ ಎರಡು ಪದ್ಧತಿಗಳು ನಮ್ಮ ಲ್ಯಾಬ್‌ಗಳಿಗೂ ಒಗ್ಗುತ್ತವೆ. ಒಂದು, ಸ್ಲೈಡ್‌ಗಳನ್ನು ಬದಿಗಿಟ್ಟು ತರಬೇತುದಾರರು ಎಲ್ಲರ ಕಣ್ಣೆದುರೇ ಆಜ್ಞೆಗಳನ್ನು ಬೆರಳಚ್ಚಿಸುತ್ತ ಹೋಗುವುದು, ಕಲಿಯುವವರು ತಮ್ಮ ತಮ್ಮ ಯಂತ್ರಗಳಲ್ಲಿ ಅದನ್ನೇ ಮಾಡುತ್ತ ಬರುವುದು. ಮತ್ತೊಂದು, ಪ್ರತಿಯೊಬ್ಬರಿಗೂ ಎರಡು ಬಣ್ಣದ ಅಂಟುಚೀಟಿಗಳನ್ನು ಕೊಟ್ಟು, ಕೆಲಸ ಸರಿಯಾದರೆ ಒಂದನ್ನು, ಸಿಕ್ಕಿಕೊಂಡರೆ ಇನ್ನೊಂದನ್ನು ಮಾನಿಟರಿನ ನೆತ್ತಿಗೆ ಅಂಟಿಸಲು ಹೇಳುವುದು. ‘ಅರ್ಥವಾಯಿತೇ’ ಎಂದು ಕೇಳಿದರೆ ‘ಆಯ್ತು ಸರ್’ ಎಂಬ ಉತ್ತರವೇ ಬರುವ ತರಗತಿಗಳಲ್ಲಿ ಅಂಟುಚೀಟಿಯ ಪ್ರಯೋಜನ ಹೆಚ್ಚು, ಏಕೆಂದರೆ ಎದ್ದುನಿಂತು ತನಗೆ ತಿಳಿಯಲಿಲ್ಲ ಎಂದು ಹೇಳಲು ನಾಚುವವರೂ ಚೀಟಿ ಅಂಟಿಸಲು ನಾಚುವುದಿಲ್ಲ. ಒಬ್ಬ ತರಬೇತುದಾರರು 60 ಜನರ ನಡುವೆ ಓಡಾಡಿ ಸುಧಾರಿಸಲಾರರು. ಮೇಲಿನ ಸೆಮಿಸ್ಟರಿನ ನಾಲ್ಕೈದು ವಿದ್ಯಾರ್ಥಿಗಳನ್ನು ಹಿಂದಿನ ಸಂಜೆಯೇ ಕೂರಿಸಿಕೊಂಡು ಸಹಾಯಕರನ್ನಾಗಿ ಸಜ್ಜುಗೊಳಿಸಿದರೆ ಕೆಲಸ ಹಗುರವಾಗುತ್ತದೆ, ಆ ವಿದ್ಯಾರ್ಥಿಗಳು ತರಬೇತುದಾರರು ಹೋದ ಮೇಲೂ ಊರಲ್ಲೇ ಉಳಿಯುತ್ತಾರೆ.

ಹಂಚಿಕೆಯ ಯಂತ್ರಗಳಲ್ಲಿ ಗಿಟ್ ಕಲಿಸುವಾಗ ಎದುರಾಗುವ ತೊಡಕುಗಳಲ್ಲಿ ಒಂದನ್ನು ವಿವರವಾಗಿ ನೋಡಬೇಕು. ವಿದ್ಯಾರ್ಥಿಯು ತನ್ನ ಸಂಗ್ರಹಕ್ಕೆ ಬದಲಾವಣೆಯನ್ನು ಕಳುಹಿಸಲು ಗಿಟ್ ಪುಶ್ ಆಜ್ಞೆ ಕೊಡುತ್ತಾನೆ. ಪರದೆಯ ಮೇಲೆ 403 ಎಂಬ ಸಂಖ್ಯೆಯೊಡನೆ ಅನುಮತಿ ನಿರಾಕರಿಸಿದ ಸಂದೇಶ ಬರುತ್ತದೆ, ಅದರಲ್ಲಿ ನಿರಾಕರಣೆಗೆ ಒಳಗಾದವನ ಹೆಸರಾಗಿ ಇನ್ಯಾರದೋ ಖಾತೆಯ ಹೆಸರಿರುತ್ತದೆ. ವಿದ್ಯಾರ್ಥಿ ತನ್ನ ಪಾಸ್‌ವರ್ಡ್ ತಪ್ಪಿರಬೇಕೆಂದು ಮತ್ತೆ ಮತ್ತೆ ಯತ್ನಿಸುತ್ತಾನೆ. ನಿಜವಾಗಿ ಆಗಿರುವುದೇನೆಂದರೆ, ಹಿಂದಿನ ಬ್ಯಾಚಿನಲ್ಲಿ ಅದೇ ಯಂತ್ರದಲ್ಲಿ ಕುಳಿತಿದ್ದವರ ಗುರುತಿನ ವಿವರಗಳನ್ನು ವಿಂಡೋಸ್‌ನ ಕ್ರೆಡೆನ್ಷಿಯಲ್ ಮ್ಯಾನೇಜರ್ ನೆನಪಿಟ್ಟುಕೊಂಡಿದೆ. ಅಲ್ಲಿಗೆ ಹೋಗಿ ಗಿಟ್‌ಹಬ್‌ನ ನಮೂದನ್ನು ಅಳಿಸಿದೊಡನೆ ತೊಡಕು ಬಗೆಹರಿಯುತ್ತದೆ. ಇದೇ ಯಂತ್ರದಲ್ಲಿ ಗಿಟ್‌ನ ಹೆಸರು ಮತ್ತು ಮಿಂಚಂಚೆಯ ಸಾರ್ವತ್ರಿಕ ಹೊಂದಾಣಿಕೆಯೂ ಹಳಬರದೇ ಇದ್ದರೆ, ಈ ವಿದ್ಯಾರ್ಥಿ ಮಾಡಿದ ಕೆಲಸವೆಲ್ಲ ಅವರ ಹೆಸರಿನಲ್ಲಿ ದಾಖಲಾಗುತ್ತದೆ, ಮತ್ತು ಅದಕ್ಕೆ ಯಾವ ತಪ್ಪುಸಂದೇಶವೂ ಬರುವುದಿಲ್ಲ. ಗಿಟ್‌ಹಬ್ 2021ರ ಆಗಸ್ಟ್ 13ರಿಂದ ಇಂಥ ಆಜ್ಞೆಗಳಿಗೆ ಖಾತೆಯ ಪಾಸ್‌ವರ್ಡನ್ನು ಒಪ್ಪುವುದನ್ನೇ ನಿಲ್ಲಿಸಿ, ಟೋಕನ್ ಎಂಬ ಪ್ರತ್ಯೇಕ ರಹಸ್ಯ ಸಂಕೇತವನ್ನೋ ಎಸ್‌ಎಸ್‌ಎಚ್ ಕೀಲಿಯನ್ನೋ ಕೇಳುತ್ತದೆ ಎಂಬುದನ್ನೂ ಮೊದಲ ದಿನವೇ ತಿಳಿಸಬೇಕು; ಹಳೆಯ ಲ್ಯಾಬ್ ಕೈಪಿಡಿಗಳಲ್ಲಿ ಈ ತಿದ್ದುಪಡಿ ಇರುವುದಿಲ್ಲ. ಎಸ್‌ಎಸ್‌ಎಚ್ ಬಳಸುವ 22ನೆಯ ದ್ವಾರವನ್ನು ಕಾಲೇಜು ಮುಚ್ಚಿದ್ದರೆ, ಗಿಟ್‌ಹಬ್ ಅದೇ ಸೇವೆಯನ್ನು 443ನೆಯ ದ್ವಾರದಲ್ಲೂ ಕೊಡುತ್ತದೆ.

ಶಾಖೆಯ, ಅಂದರೆ ಬ್ರಾಂಚಿನ, ಹೆಸರಿನ ಗೊಂದಲ ಇನ್ನೊಂದು. ಗಿಟ್‌ಹಬ್ 2020ರ ಅಕ್ಟೋಬರ್‌ನಿಂದ ಹೊಸ ಸಂಗ್ರಹಗಳ ಮುಖ್ಯ ಶಾಖೆಯನ್ನು ಮೇನ್ ಎಂದು ಕರೆಯುತ್ತದೆ. ಲ್ಯಾಬಿನ ಯಂತ್ರದ ಗಿಟ್ ಅದನ್ನೇ ಮಾಸ್ಟರ್ ಎಂದು ಹುಟ್ಟಿಸಿರುತ್ತದೆ. ವಿದ್ಯಾರ್ಥಿ ಇಲ್ಲದ ಶಾಖೆಯನ್ನು ಕಳುಹಿಸಲು ಹೋಗಿ ಬೆಪ್ಪಾಗುತ್ತಾನೆ. ಗಿಟ್ 2.28ರಿಂದ ಬಂದಿರುವ ಪೂರ್ವನಿಗದಿತ ಶಾಖೆಯ ಹೊಂದಾಣಿಕೆಯನ್ನು ಆರಂಭದಲ್ಲೇ ಮಾಡಿಸಿದರೆ ಇದು ತಲೆದೋರುವುದಿಲ್ಲ. ಬದಲಾವಣೆಯನ್ನು ದಾಖಲಿಸುವ ಕಮಿಟ್ ಆಜ್ಞೆಯನ್ನು ಸಂದೇಶವಿಲ್ಲದೆ ಕೊಟ್ಟವರ ಮುಂದೆ ವಿಮ್ ಎಂಬ ಪಠ್ಯ ಸಂಪಾದಕ ತೆರೆದುಕೊಂಡು, ಹೊರಬರುವ ದಾರಿ ತಿಳಿಯದೆ ಅವರು ಯಂತ್ರವನ್ನೇ ಆರಿಸುವುದು ಎಲ್ಲ ಊರುಗಳಲ್ಲೂ ಕಾಣುವ ದೃಶ್ಯ.

ತೊಡಕುಗಳನ್ನು ತಡೆಯುವುದು ಎಷ್ಟು ಮುಖ್ಯವೋ, ಕೆಲವನ್ನು ಬೇಕೆಂದೇ ಹುಟ್ಟಿಸುವುದೂ ಅಷ್ಟೇ ಮುಖ್ಯ. ಇಬ್ಬರು ಒಂದೇ ಸಾಲನ್ನು ಬೇರೆ ಬೇರೆ ರೀತಿ ಬದಲಿಸಿದಾಗ ಯಾವುದನ್ನು ಉಳಿಸಬೇಕೆಂದು ತಿಳಿಯದೆ ಗಿಟ್ ನಿಲ್ಲುವ ಸ್ಥಿತಿಗೆ ಮರ್ಜ್ ಸಂಘರ್ಷ ಎನ್ನುತ್ತಾರೆ. ಉದ್ಯೋಗಕ್ಕೆ ಸೇರಿದ ಹೊಸಬರು ಹೆದರುವುದು ಇದಕ್ಕೇ. ತರಬೇತಿಗಳಲ್ಲಿ ಸ್ಲೈಡ್ ತೋರಿಸಿ ಮುಂದೆ ಸಾಗುವುದೂ ಇದರ ವಿಷಯದಲ್ಲೇ. ಅಭ್ಯಾಸಕ್ಕೆ ಕಾಲೇಜಿನ ಕ್ಯಾಂಟೀನಿನ ದರಪಟ್ಟಿಯ ಕಡತವೊಂದು ಸಾಕು. ಪಕ್ಕದಲ್ಲಿ ಕುಳಿತ ಇಬ್ಬರಲ್ಲಿ ಒಬ್ಬರು ಮಸಾಲೆ ದೋಸೆಯ ದರವನ್ನು 50 ರೂಪಾಯಿಗೂ ಇನ್ನೊಬ್ಬರು 60 ರೂಪಾಯಿಗೂ ಬದಲಿಸಿ, ಇಬ್ಬರೂ ಒಂದೇ ಸಂಗ್ರಹಕ್ಕೆ ಕಳುಹಿಸಬೇಕು. ಮೊದಲು ಕಳುಹಿಸಿದವರದು ಸೇರುತ್ತದೆ, ಎರಡನೆಯವರದು ತಿರಸ್ಕೃತವಾಗುತ್ತದೆ. ಅವರು ಹೊಸ ಬದಲಾವಣೆಯನ್ನು ತರಿಸಿಕೊಂಡು ಬೆಸೆಯಲು ಹೋದಾಗ ಸಂಘರ್ಷ ಹುಟ್ಟಿ, ಕಡತದೊಳಗೆ ಏಳು ಎಡಬಾಣದ ಗುರುತುಗಳ ಕೆಳಗೆ ತಮ್ಮ 60, ಏಳು ಸಮಚಿಹ್ನೆಗಳ ಕೆಳಗೆ ಗೆಳೆಯನ 50, ಕೊನೆಯಲ್ಲಿ ಏಳು ಬಲಬಾಣಗಳು ಕಾಣಿಸಿಕೊಳ್ಳುತ್ತವೆ. ಈಗ ಅವರಿಬ್ಬರೂ ಪರಸ್ಪರ ಮಾತನಾಡಿ ದರ ತೀರ್ಮಾನಿಸಿ, ಗುರುತಿನ ಸಾಲುಗಳನ್ನು ಅಳಿಸಿ, ಕಡತವನ್ನು ಮತ್ತೆ ಸೇರಿಸಿ ಕಮಿಟ್ ಮಾಡಬೇಕು. ದೋಸೆಯ ದರವನ್ನು ಗಿಟ್ ತೀರ್ಮಾನಿಸಲಾರದು, ಮನುಷ್ಯರೇ ತೀರ್ಮಾನಿಸಬೇಕು ಎಂಬುದು ಕೈಯಾರೆ ಮಾಡಿದವರಿಗೆ ವಿವರಣೆಯಿಲ್ಲದೆ ತಿಳಿಯುತ್ತದೆ. ಬಳಿಕ ಪಾತ್ರ ಅದಲುಬದಲು ಮಾಡಿ ಇನ್ನೊಮ್ಮೆ ಮಾಡಿಸಬೇಕು, ಏಕೆಂದರೆ ಸಂಘರ್ಷವನ್ನು ಬಿಡಿಸುವ ಪಾಳಿ ಬಂದದ್ದು ಒಬ್ಬರಿಗೆ ಮಾತ್ರ.

ಇದರೊಡನೆಯೇ ಕಲಿಸಬೇಕಾದದ್ದು ರಿಫ್‌ಲಾಗ್ ಎಂಬ ಆಜ್ಞೆ. ಯಂತ್ರದಲ್ಲಿ ಶಾಖೆಗಳ ತುದಿ ಎಲ್ಲೆಲ್ಲಿ ಓಡಾಡಿತೆಂಬ ಲೆಕ್ಕವನ್ನು ಗಿಟ್ ಸಾಮಾನ್ಯವಾಗಿ 90 ದಿನ, ಯಾವ ಶಾಖೆಗೂ ಸೇರದೆ ಉಳಿದ ಕಮಿಟ್‌ಗಳ ವಿಷಯದಲ್ಲಿ 30 ದಿನ ಇಟ್ಟುಕೊಳ್ಳುವುದರಿಂದ, ಅಳಿಸಿದೆನೆಂದು ಗಾಬರಿಯಾದ ಶಾಖೆಯನ್ನು ಅಷ್ಟರೊಳಗೆ ಬಹುತೇಕ ಮರಳಿ ಪಡೆಯಬಹುದು. ಹಲವು ಪಠ್ಯಗಳು ಇದನ್ನು ಮುಂದುವರಿದ ವಿಷಯವೆಂದು ಕೊನೆಗೆ ತಳ್ಳುತ್ತವೆ. ಮರಳುವ ದಾರಿ ಇದೆಯೆಂದು ತಿಳಿದ ಮೇಲಷ್ಟೇ ಕಲಿಯುವವರು ಧೈರ್ಯವಾಗಿ ಕೀಲಿಮಣೆ ಮುಟ್ಟುವುದರಿಂದ, ಇದರ ಜಾಗ ಮೊದಲ ದಿನ.

ಭಾಷೆ

ಆಜ್ಞೆಗಳೂ ತಪ್ಪುಸಂದೇಶಗಳೂ ಇಂಗ್ಲಿಷಿನಲ್ಲಿರುವುದರಿಂದ ಪಾಠವೂ ಇಂಗ್ಲಿಷಿನಲ್ಲೇ ನಡೆಯಬೇಕೆಂಬ ಸಂಕೋಚವನ್ನು ಬಿಡುವುದು ಒಳ್ಳೆಯದು. ಕನ್ನಡ ಮಾಧ್ಯಮದಿಂದ ಬಂದ ವಿದ್ಯಾರ್ಥಿಗಳು ತಪ್ಪುಸಂದೇಶವನ್ನು ಓದದೆಯೇ ಮುಚ್ಚಿಬಿಡುವುದು ಬುದ್ಧಿಯ ಕೊರತೆಯಿಂದಲ್ಲ, ಕೆಂಪು ಅಕ್ಷರಗಳ ಇಂಗ್ಲಿಷ್ ತಮ್ಮನ್ನು ಗದರಿಸುತ್ತಿದೆ ಎಂಬ ಅಳುಕಿನಿಂದ. ಸಂದೇಶವನ್ನು ವಿದ್ಯಾರ್ಥಿಯಿಂದಲೇ ಗಟ್ಟಿಯಾಗಿ ಓದಿಸಿ, ಅದರ ಕ್ರಿಯಾಪದ ಯಾವುದು, ಕಡತದ ಹೆಸರು ಯಾವುದು ಎಂದು ಗುರುತಿಸಿ, ಅರ್ಥವನ್ನು ಕನ್ನಡದಲ್ಲಿ ಹೇಳಿಸಿದರೆ ಅರ್ಧ ಸಮಸ್ಯೆಗಳು ಅಲ್ಲಿಗೇ ಬಗೆಹರಿಯುತ್ತವೆ. ಕಮಿಟ್, ಪುಶ್, ಬ್ರಾಂಚ್ ಮುಂತಾದ ಪದಗಳನ್ನು ಇದ್ದಂತೆಯೇ ಉಳಿಸಿಕೊಂಡು, ಅವುಗಳ ನಡುವಣ ಸಂಬಂಧವನ್ನು ಕನ್ನಡದಲ್ಲಿ ವಿವರಿಸುವುದು ಧಾರವಾಡದಲ್ಲಾಗಲಿ ಕಲಬುರಗಿಯಲ್ಲಾಗಲಿ ಹಾಸನದಲ್ಲಾಗಲಿ ನಡೆಯುತ್ತದೆ. ಮನೆಯಲ್ಲಿ ಮುಂದುವರಿಸುವವರಿಗೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯನ್ನು ಸೂಚಿಸಬಹುದು: ಸುಮಾರು 10 ನಿಮಿಷಗಳ ಪಾಠಗಳನ್ನು ನೋಡುತ್ತ ಪಕ್ಕದ ಕಿಟಕಿಯಲ್ಲಿ ತಾವೂ ಮಾಡುತ್ತ ಹೋಗುವಂತೆ ರೂಪಿಸಿರುವ ಆ ಯೋಜನೆಯಲ್ಲಿ ಕನ್ನಡದ ಧ್ವನಿಯ ಪಾಠಗಳೂ ಇವೆ.

ಪಯಣ, ಗೌರವಧನ, ಲೆಕ್ಕಪತ್ರ

ಮತ್ತಿಕೆರೆಯಲ್ಲಿ ನೆಲೆಸಿದವರಿಗೆ ಹುಬ್ಬಳ್ಳಿ, ಧಾರವಾಡದ ದಾರಿ ಸಲೀಸು. 2023ರ ಜೂನ್‌ನಲ್ಲಿ ಆರಂಭವಾದ ಬೆಂಗಳೂರು–ಧಾರವಾಡ ವಂದೇ ಭಾರತ್ ರೈಲು ಯಶವಂತಪುರದಲ್ಲಿ ನಿಲ್ಲುತ್ತದೆ. ಆದರೆ ರೈಲಿಗಿಂತ ಮುಖ್ಯವಾದ ನಿಯಮವೊಂದಿದೆ: ತರಬೇತಿಯ ದಿನ ಬೆಳಿಗ್ಗೆ ತಲುಪದೆ ಹಿಂದಿನ ದಿನ ಮಧ್ಯಾಹ್ನವೇ ತಲುಪಿ, ಸಂಜೆ ಲ್ಯಾಬ್ ಮುಚ್ಚುವ ಮೊದಲು ಕನಿಷ್ಠ ಎರಡು ಯಂತ್ರಗಳಲ್ಲಿ ಇಡೀ ಪಾಠವನ್ನು ಒಮ್ಮೆ ಓಡಿಸಿ ನೋಡಬೇಕು. ಆ ರಾತ್ರಿಯ ವಸತಿಯನ್ನು ಒಪ್ಪಂದದಲ್ಲೇ ಕೇಳಿಕೊಳ್ಳಬೇಕು. ಕೊಡದ ಸಂಸ್ಥೆಗೆ ಸ್ವಂತ ಖರ್ಚಿನಲ್ಲಾದರೂ ಹಿಂದಿನ ದಿನವೇ ಹೋಗುವುದು ಹೆಸರು ಉಳಿಸಿಕೊಳ್ಳುವ ಉಪಾಯ. ಚೀಲದಲ್ಲಿ ಎಚ್‌ಡಿಎಂಐ ಮತ್ತು ವಿಜಿಎ ಎರಡೂ ಬಗೆಯ ಪ್ರೊಜೆಕ್ಟರ್ ಜೋಡಕ, ಒಂದು ಎಕ್ಸ್‌ಟೆನ್ಷನ್ ಬಾಕ್ಸ್, ರೌಟರ್, ಎರಡು ಪೆನ್‌ಡ್ರೈವ್‌ಗಳಿರಲಿ.

ಗೌರವಧನ, ಪ್ರಯಾಣ ವೆಚ್ಚ, ಭಾಗವಹಿಸುವವರ ಗರಿಷ್ಠ ಸಂಖ್ಯೆ, ದಿನಾಂಕ ಮುಂದೂಡಿದರೆ ಟಿಕೆಟ್ ಖರ್ಚು ಯಾರದು ಎಂಬ ವಿಷಯಗಳು ಮಿಂಚಂಚೆಯಲ್ಲಿ ಬರಹರೂಪದಲ್ಲಿರಬೇಕು. ವೃತ್ತಿಪರ ಸೇವೆಯ ಶುಲ್ಕವು ನಿಗದಿತ ಮಿತಿ ದಾಟಿದಾಗ ಕರೆಸಿದ ಸಂಸ್ಥೆ ಸಾಮಾನ್ಯವಾಗಿ ಶೇ. 10ರಷ್ಟು ಟಿಡಿಎಸ್ ಕಡಿತ ಮಾಡುತ್ತದೆ. ಅದು ನಷ್ಟವಲ್ಲ, ಪ್ಯಾನ್ ಸಂಖ್ಯೆ ಸರಿಯಾಗಿ ಕೊಟ್ಟಿದ್ದರೆ ವರ್ಷಾಂತ್ಯದ ತೆರಿಗೆ ಲೆಕ್ಕದಲ್ಲಿ ಜಮೆಯಾಗುತ್ತದೆ. ಸೇವೆ ಒದಗಿಸುವವರ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕಾಗುತ್ತದೆ, ಇಂಥ ತರಬೇತಿಯ ಬಿಲ್ಲಿಗೆ ಶೇ. 18ರ ತೆರಿಗೆ ಸೇರುತ್ತದೆ. ಕಾಲೇಜುಗಳು ಈ ತೆರಿಗೆಯನ್ನು ಮೊದಲೇ ಲೆಕ್ಕಕ್ಕೆ ಹಿಡಿಯದೆ ಬಜೆಟ್ ಮಂಜೂರು ಮಾಡಿಸಿಕೊಂಡು, ಕೊನೆಗೆ ತರಬೇತುದಾರರ ಗೌರವಧನದಿಂದಲೇ ಅದನ್ನು ಕಳೆಯಲು ಹೊರಡುವುದುಂಟು. ಒಪ್ಪಂದದಲ್ಲಿ ‘ತೆರಿಗೆ ಪ್ರತ್ಯೇಕ’ ಎಂಬ ಎರಡು ಪದಗಳು ಈ ಜಗಳವನ್ನು ತಪ್ಪಿಸುತ್ತವೆ.

ಕೃತಕ ಬುದ್ಧಿಮತ್ತೆಯ ನಂತರ

2021ರಲ್ಲಿ ಪ್ರಾಯೋಗಿಕವಾಗಿ ಹೊರಬಂದ ಗಿಟ್‌ಹಬ್ ಕೋಪೈಲಟ್ ಮತ್ತು 2022ರ ನವೆಂಬರ್‌ನ ಚಾಟ್‌ಜಿಪಿಟಿಯ ಬಳಿಕ, ಆಜ್ಞೆಗಳನ್ನು ಬಾಯಿಪಾಠ ಮಾಡಿಸುವ ತರಬೇತಿಗೆ ಬೆಲೆ ಉಳಿದಿಲ್ಲ, ಉಳಿಯಬೇಕಾಗಿಯೂ ಇಲ್ಲ. ಯಂತ್ರ ಬರೆದುಕೊಟ್ಟ 200 ಸಾಲುಗಳಲ್ಲಿ ಏನು ಬದಲಾಯಿತೆಂದು ಗಿಟ್ ಡಿಫ್ ತೋರಿಸುವ ವ್ಯತ್ಯಾಸವನ್ನು ಸಾಲುಸಾಲಾಗಿ ಓದಿ, ಒಪ್ಪುವುದನ್ನು ಒಪ್ಪಿ, ಬೇಡದ್ದನ್ನು ಹಿಂದಕ್ಕೆ ಕಳಿಸಬಲ್ಲ ಕೌಶಲದ ಬೆಲೆ ಮಾತ್ರ ಹೆಚ್ಚಿದೆ. ಮೊದಲ ದಿನ ಇಂಥ ಸಹಾಯಕಗಳಿಲ್ಲದೆ, ಎರಡನೆಯ ದಿನ ಅವುಗಳೊಡನೆ ಅಭ್ಯಾಸ ಮಾಡಿಸುವ ಕ್ರಮವು, ಪೂರ್ತಿ ನಿಷೇಧಿಸುವುದಕ್ಕಿಂತಲೂ ಪೂರ್ತಿ ಬಿಟ್ಟುಬಿಡುವುದಕ್ಕಿಂತಲೂ ಮೇಲು.

ತರಬೇತಿಯ ಮೌಲ್ಯಮಾಪನಕ್ಕೆ ಕೊನೆಯ ದಿನ ತುಂಬಿಸುವ ಅಭಿಪ್ರಾಯ ನಮೂನೆಯನ್ನು ನೆಚ್ಚಿಕೊಳ್ಳಬಾರದು. ಪ್ರಮಾಣಪತ್ರ ಕೈಗೆ ಬರುವ ಹೊತ್ತಿನಲ್ಲಿ ಎಲ್ಲರೂ ‘ಅತ್ಯುತ್ತಮ’ ಎಂದೇ ಗುರುತು ಹಾಕುತ್ತಾರೆ. ಒಂದು ತಿಂಗಳು ಕಳೆದ ಮೇಲೆ ವಿಭಾಗದ ಮುಖ್ಯಸ್ಥರು ವಿದ್ಯಾರ್ಥಿಗಳ ಕಿರುಯೋಜನೆಯ ಸಂಗ್ರಹಗಳನ್ನು ತೆರೆದು ಗಿಟ್ ಲಾಗ್ ಆಜ್ಞೆ ಕೊಟ್ಟರೆ, ತರಬೇತಿಯ ದಿನಾಂಕದ ನಂತರ ಯಾರು, ಎಷ್ಟು ಬಾರಿ, ಏನನ್ನು ದಾಖಲಿಸಿದ್ದಾರೆ ಎಂಬುದು ಐದು ನಿಮಿಷದಲ್ಲಿ ಕಾಣುತ್ತದೆ. ಅಲ್ಲಿ ಹೊಸ ಕಮಿಟ್‌ಗಳು ಇಲ್ಲವಾದರೆ, ಮುಂದಿನ ವರ್ಷ ಅದೇ ಹಣವನ್ನು ಅದೇ ಬಗೆಯ ಕಾರ್ಯಾಗಾರಕ್ಕೆ ಮತ್ತೆ ಖರ್ಚು ಮಾಡದೆ, ಲ್ಯಾಬಿನ ಯಂತ್ರಗಳಿಗೂ ಸಹಾಯಕ ವಿದ್ಯಾರ್ಥಿಗಳ ತಯಾರಿಗೂ ಮೊದಲು ಎತ್ತಿಡಬೇಕು.